ಬ್ಯಾಂಡ್ ಮಾಸ್ತರರ ಮಕ್ಕಳು

ಶನಿವಾರ ಬೆಳಗಿನ ಬಟ್ಟೆ ನನ್ನ ಪಾಳಿ. "ಒಗಿಯೂದು ಮಷೀನು, ಹೆಸರು ನಿಂದು" ಎಂದು ಮಗಳು ಭಾರತಿ ಚೇಷ್ಟೆ ಮಾಡುತ್ತಾಳೆ. ಮಾಡಲಿ. ಬಿಳಿಯದನ್ನು ಬಣ್ಣದ್ದರಿಂದ ಬೇರೆ ಮಾಡುವುದು, ಜೇಬು ತಡಕುವುದು, ಡ್ರೈಯರಿನ ಜಾಲರಿಗೆ ಮೆತ್ತಿಕೊಂಡ ನೂಲಿನ ಧೂಳು ತೆಗೆಯುವುದು, ಇವನ್ನು ಯಾವ ಮಷೀನೂ ಮಾಡುವುದಿಲ್ಲ. ಬದುಕಿನ ಬಹುಭಾಗವನ್ನು ಆಸ್ಪತ್ರೆಯ ವಾರ್ಡುಗಳಲ್ಲಿ ಕಳೆದು ಮೇಟ್ರನ್ ಆಗಿ ನಿವೃತ್ತಳಾದವಳು ನಾನು. ಹಾಸಿಗೆಯ ಚಾದರದ ಮೂಲೆ ಸೊಟ್ಟಗಿದ್ದರೆ ಇವತ್ತಿಗೂ ನನಗೆ ತುತ್ತು ಇಳಿಯುವುದಿಲ್ಲ.

ಹಾಗೆ ಜಾಲರಿ ಕೊಡವುತ್ತಿದ್ದಾಗ ಒಂದು ಗುಂಡಿ ಸಿಕ್ಕಿತು. ಮೂರು ಮೂಲೆಯ, ತೆಳ್ಳನೆಯ, ಕರಿಯ ಗುಂಡಿ. ತಿರುಗಿಸಿ ನೋಡಿದರೆ ಒಂದೂ ತೂತಿಲ್ಲ. ಮಗಳು ಬಂದು ನೆಲೆಸಿದ ಈ ಪರದೇಶದಲ್ಲಿ ತೂತಿಲ್ಲದ ಗುಂಡಿಯೂ ಇರಬಹುದು ಎಂದುಕೊಂಡು ನನ್ನ ಗುಂಡಿಯ ಡಬ್ಬಿಗೆ ಹಾಕಿದೆ. ಆಮೇಲೆ ಮನೆಯವರ ಅಂಗಿಗಳನ್ನೆಲ್ಲ ತಪಾಸಣೆಗೆ ತೆಗೆದುಕೊಂಡೆ, ಇದು ಯಾವುದರಿಂದ ಕಿತ್ತು ಬಂತೆಂದು. ಮೂರನೆಯ ದಿನ ಮೊಮ್ಮಗಳು ಅನಘಾ ಸೂಜಿ ಹುಡುಕುತ್ತ ಡಬ್ಬಿ ತೆರೆದವಳು "ಅಜ್ಜೀ, ದಟ್ಸ್ ಮೈ ಪಿಕ್!" ಎಂದು ಕೂಗಿದಳು. ಗಿಟಾರಿನ ತಂತಿ ಮೀಟುವ ಬಿಲ್ಲೆಯಂತೆ ಅದು. ಕನ್ನಡಕ ಹಾಕಿಕೊಂಡು ನೋಡಿದೆ. ಮೇಲೆ ಒಬ್ಬ ಗಂಡಸಿನ ಮುಖ ಅಚ್ಚಾಗಿತ್ತು. ಹೆಗಲ ಮೇಲೆ ಕೂದಲು, ಮುಚ್ಚಿದ ಕಣ್ಣು, ಕಿವಿಯ ತನಕ ತೆರೆದ ಬಾಯಿ. ಬುದ್ಧಿಹಲ್ಲು ಕೀಳಿಸಿಕೊಳ್ಳಲು ಬಂದ ರೋಗಿಗಳು ಹೀಗೆ ಕೂರುವುದನ್ನು ನಾನು ಕಂಡಿದ್ದೇನೆ.

"ಯಾರಿವಾ?"

"ರೂಬಿಸ್ ಡ್ಯಾಡ್." ಅಂದರೆ ಅವಳ ಗಿಟಾರ್ ಟೀಚರಿನ ಅಪ್ಪ, ಒಂದು ಕಾಲದ ಹೆಸರಾಂತ ಹಾಡುಗಾರ.

ಅಷ್ಟರಲ್ಲಿ ಅಳಿಯ ಶ್ರೀಧರ ಬಂದ. ಅವನು ಮೈಸೂರಿನವನು, ಮೆತ್ತಗಿನ ಮನುಷ್ಯ. ಬಿಲ್ಲೆ ನೋಡಿದ್ದೇ ಎದೆ ಹಿಡಿದುಕೊಂಡ. "ಅತ್ತೆ, ಇವರನ್ನ ಗುಂಡಿ ಡಬ್ಬೀಲಿ ಹಾಕಿದ್ರಾ? ನಮ್ಮ ಹಾಸ್ಟೆಲ್ ರೂಮಲ್ಲಿ ಗಣಪತಿ ಫೋಟೋ ಪಕ್ಕ ಇವರ ಪೋಸ್ಟರ್ ಇತ್ತು!"

"ಗುಂಡಿ ಡಬ್ಬಿ ಸ್ವಚ್ಛ ಐತಿ. ಅವರಿಗೇನೂ ತ್ರಾಸ ಆಗಿಲ್ಲ" ಎಂದೆ.

ಗುಂಡಿಯೆಂದರೆ ನನಗೆ ಗದಗಿನ ನಮ್ಮ ಮನೆ ನೆನಪಾಗುತ್ತದೆ. ಅಪ್ಪ ಸೈನ್ಯದ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಬಾರಿಸಿ ನಿವೃತ್ತನಾಗಿ ಬಂದು ಊರಿನಲ್ಲಿ ಮದುವೆಯ ಬ್ಯಾಂಡ್ ಕಂಪನಿ ಕಟ್ಟಿದ. ಕೆಂಪು ಕೋಟು, ಹೆಗಲ ಮೇಲೆ ಬಂಗಾರ ಬಣ್ಣದ ಜಾಲರಿ, ಎದೆಯುದ್ದಕ್ಕೂ ಹಿತ್ತಾಳೆಯ ಗುಂಡಿ. ಹುಣಸೆಹಣ್ಣು, ಬೂದಿ ಹಚ್ಚಿ ಆ ಗುಂಡಿಗಳನ್ನು ತಿಕ್ಕುವುದು ನನ್ನ ಕೆಲಸ. ನಸುಕಿನಲ್ಲಿ ಏಳಬೇಕು, ಗುಂಡಿ ತಿಕ್ಕಬೇಕು, ಆಮೇಲೆ ಹಾಲು, ಆಮೇಲೆ ಸಾಲಿ. ಅಪ್ಪ ಒಂದೊಂದು ಗುಂಡಿಯಲ್ಲೂ ತನ್ನ ಮೀಸೆ ನೋಡಿಕೊಳ್ಳುತ್ತಿದ್ದ. ಮೀಸೆ ಕಾಣದಿದ್ದರೆ ಮತ್ತೊಮ್ಮೆ ತಿಕ್ಕಬೇಕು. ನನಗೆ ಕ್ಲಾರಿಯೊನೆಟ್ ಕಲಿಸಲಿಲ್ಲ. ಹೆಣ್ಣುಮಕ್ಕಳು ಬೀದಿಯಲ್ಲಿ ಬಾರಿಸುವುದೆಂದರೆ ಆಗ ಯಾರೂ ಕನಸಿನಲ್ಲೂ ನೆನೆಯುತ್ತಿರಲಿಲ್ಲ. ನನಗೆ ಕಲಿಸಿದ್ದು ಶಿಸ್ತು. ಅದೇ ಮುಂದೆ ವಾರ್ಡಿನಲ್ಲಿ ಅನ್ನ ಹಾಕಿತು. ನನ್ನ ಕೈಕೆಳಗಿನ ಹುಡುಗಿಯರು ಬೆನ್ನ ಹಿಂದೆ ನನ್ನನ್ನು "ಬ್ಯಾಂಡ್ ಸಿಸ್ಟರ್" ಎನ್ನುತ್ತಿದ್ದರಂತೆ. ಎದುರಿಗೆ ಅಂದಿದ್ದರೂ ನಾನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಇಲ್ಲಿಯವರಿಗೆ ರೂಬಿಯ ಅಪ್ಪ ಹೇಗೋ ಗದಗ ಬೆಟಗೇರಿಯವರಿಗೆ ನನ್ನ ಅಪ್ಪ ಹಾಗೆ. "ಮಾಸ್ತರು ಖಾಲಿ ಇದ್ದಾರೋ ಇಲ್ಲೋ ಕೇಳ್ರಿ, ಆಮ್ಯಾಲೆ ಮುಹೂರ್ತ ತಗಸ್ರಿ" ಎಂದು ಹೆಣ್ಣಿನ ಕಡೆಯವರು ಹೇಳುತ್ತಿದ್ದರು. ಮೆರವಣಿಗೆ ಹೊರಟಿತೆಂದರೆ ಬೀದಿ ಕೂಡುವ ಒಂದೊಂದು ಕೂಟಿನಲ್ಲೂ ನಿಲ್ಲಬೇಕು. ಅಪ್ಪ ಒಂದು ಧಾಟಿ ಬಾರಿಸಿ ಮುಗಿಸುತ್ತಿದ್ದಂತೆ ಜನ "ವನ್ಸ್ ಮೋರ್!" ಎಂದು ಕೂಗುತ್ತಿದ್ದರು. ನಾಟಕ ಕಂಪನಿಗಳಿಂದ ಕಲಿತ ಚಟ ಅದು. ಹಾಡು ರುಚಿಸಿತೋ, ಅಲ್ಲೇ, ಆಗಲೇ, ಅದನ್ನೇ ಮತ್ತೆ ಬಾರಿಸಬೇಕು. ಬಾರಿಸುವ ತನಕ ಮೆರವಣಿಗೆ ಮುಂದೆ ಹೆಜ್ಜೆ ಇಡುವುದಿಲ್ಲ. ಒಂದು ಮದುವೆಯಲ್ಲಿ ಕುದುರೆಯ ಮೇಲೆ ಕುಳಿತ ಮದುಮಗ ನಿದ್ದೆ ಹೋಗಿ ಬಾಸಿಂಗ ಕಳಚಿ ಬಿದ್ದದ್ದು ನನಗೆ ನೆನಪಿದೆ. ಕುದುರೆಯೂ ಕಣ್ಣು ಮುಚ್ಚಿತ್ತು.

ಅಪ್ಪನ ಕೈಗೆ ಲಕ್ವ ಹೊಡೆದ ಮೇಲೆ ಅಣ್ಣ ವಸಂತ ಕ್ಲಾರಿಯೊನೆಟ್ ಹಿಡಿದು ಮುಂದೆ ನಿಂತ. ಚೆನ್ನಾಗಿ ಬಾರಿಸುತ್ತಿದ್ದ. ಅಪ್ಪನಿಗಿಂತ ಉಸಿರು ಉದ್ದ ಇತ್ತು ಎಂದು ನಾನು ಈಗ ಧೈರ್ಯವಾಗಿ ಹೇಳಬಲ್ಲೆ, ಅಪ್ಪ ಕೇಳಿಸಿಕೊಳ್ಳಲು ಇಲ್ಲವಲ್ಲ. ಅವನು ತನ್ನದೇ ಒಂದು ಧಾಟಿ ಕಟ್ಟಿದ್ದ. ಮಳೆ ನಿಂತ ಮೇಲೆ ಮಾಳಿಗೆಯಿಂದ ಒಂದೊಂದೇ ಹನಿ ಬೀಳುತ್ತದಲ್ಲ, ಹಾಗೆ ಶುರುವಾಗುತ್ತಿತ್ತು. ಬೆಟಗೇರಿಯ ಒಂದು ಮದುವೆಯಲ್ಲಿ ಅದನ್ನು ಎತ್ತಿಕೊಂಡ. ನಾಲ್ಕು ಸಾಲು ಆಗಿರಬಹುದು, ಮದುಮಗಳ ಸೋದರಮಾವ ಕೈ ಮೇಲೆತ್ತಿ ನಿಲ್ಲಿಸಿದ. "ಏ ತಮ್ಮಾ, ಅದೇನು ಗುಂಯ್ ಗುಂಯ್ ಹಚ್ಚಿ? ನಿಮ್ಮ ಅಪ್ಪಾರದು ಬಾರಸು." ವಸಂತ ಅಪ್ಪನದನ್ನು ಬಾರಿಸಿದ. ಜನ ವನ್ಸ್ ಮೋರ್ ಎಂದರು. ಮುಂದಿನ ಮದುವೆಯಲ್ಲೂ ಹಾಗೆಯೇ. ಕೆಲವು ವರ್ಷಕ್ಕೆ ಧ್ವನಿವರ್ಧಕದ ಗಾಡಿಗಳು ಬಂದವು, ಕೋಟುಗಳು ಟ್ರಂಕು ಸೇರಿದವು, ಅಣ್ಣ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟ. "ಸೈಕಲ್ಲಿಗೆ ನಮ್ಮ ಅಪ್ಪ ಯಾರಂತ ಗೊತ್ತಿಲ್ಲ ನೋಡು. ಆರಾಮ ಐತಿ" ಎನ್ನುತ್ತಿದ್ದ. ಆ ಧಾಟಿಯನ್ನು ಪೂರ್ತಿಯಾಗಿ ಕೇಳಿದವಳು ನಾನೊಬ್ಬಳೇ ಇರಬೇಕು, ಅದೂ ಹಿತ್ತಲಲ್ಲಿ, ಗುಂಡಿ ತಿಕ್ಕುತ್ತ.

ಮಾತು ಎಲ್ಲಿಂದ ಎಲ್ಲಿಗೋ ಹೋಯಿತು. ರೂಬಿಯ ವಿಷಯ ಹೇಳುತ್ತಿದ್ದೆ.

ರೂಬಿ ನಮ್ಮ ಅನಘಾಗೆ ಗಿಟಾರ್ ಕಲಿಸುವವಳು. ಐವತ್ತು ದಾಟಿದ್ದಾಳೆ, ಹತ್ತಿರದ ಡುವಾಲ್ ಎಂಬ ಊರಿನಲ್ಲಿ ಕೋಳಿ ಸಾಕಿಕೊಂಡು ಒಬ್ಬಳೇ ಇದ್ದಾಳೆ. ಅನಘಾ ಕರೆಯುವುದನ್ನು ಕೇಳಿ ಅವಳೂ ನನ್ನನ್ನು "ಅಜ್ಜಿ" ಎನ್ನುತ್ತಾಳೆ. ತಿದ್ದಲು ಹೋದೆ, ಪ್ರಯೋಜನವಾಗಲಿಲ್ಲ. ಪಾಠ ಮುಗಿದ ಮೇಲೆ ಅಡುಗೆಮನೆಯಲ್ಲಿ ನನ್ನ ಕೈಯ ಚಹಾ ಕುಡಿದೇ ಅವಳು ಹೋಗುವುದು. ಅಪ್ಪನ ಮುಖದ ಬಿಲ್ಲೆಗಳು ಅವಳ ಮನೆಯಲ್ಲಿ ಪೆಟ್ಟಿಗೆಗಟ್ಟಲೆ ಉಳಿದಿವೆಯಂತೆ, ಒಂದು ಕಾಲದಲ್ಲಿ ಅವನ ಸಂಗೀತ ಕಛೇರಿಗಳ ಬಾಗಿಲಲ್ಲಿ ಮಾರಲು ಮಾಡಿಸಿದ್ದು. "ಎಸೆಯಲು ಮನಸ್ಸಿಲ್ಲ. ಅದಕ್ಕೇ ಮಕ್ಕಳಿಗೆ ಕೊಡುತ್ತೇನೆ. ತಪ್ಪು ತಂತಿ ಮೀಟಿದಾಗಲೆಲ್ಲ ಅವನ ಮೂಗು ಉಜ್ಜುತ್ತದೆ" ಎಂದು ನಗುತ್ತಾಳೆ.

ಅವಳ ಕಥೆಯನ್ನು ಚಹಾದ ಜೊತೆ ಒಂದಿಷ್ಟು ಒಂದಿಷ್ಟಾಗಿ ಕೇಳಿದ್ದೇನೆ. ಇಪ್ಪತ್ತು ತುಂಬುವ ಮೊದಲೇ ರೆಕಾರ್ಡ್ ಕಂಪನಿಯವರು ಬಾಗಿಲಿಗೆ ಬಂದರಂತೆ. ಮೊದಲ ರೆಕಾರ್ಡಿನ ಹೊದಿಕೆಯ ಮೇಲೆ ಅಪ್ಪ ನಿಲ್ಲುತ್ತಿದ್ದ ಹಾಗೆಯೇ ಕಾಲು ಅಗಲಿಸಿ ನಿಲ್ಲಿಸಿ ಫೋಟೋ ತೆಗೆದರಂತೆ. ಅದು ಚೆನ್ನಾಗಿ ಹೋಯಿತು. ಎರಡನೆಯದು ಅಷ್ಟಕ್ಕಷ್ಟೆ. ಮೂರನೆಯದಕ್ಕೆ ತಾಯಿಯ ಮನೆಹೆಸರು ಹಾಕಿಕೊಂಡಳು, ಅದು ಬಂದದ್ದೇ ಯಾರಿಗೂ ತಿಳಿಯಲಿಲ್ಲ. ದೊಡ್ಡ ಸಭಾಂಗಣ ಹೋಗಿ ಚಿಕ್ಕದು ಬಂತು, ಅದು ಹೋಗಿ ಬಾರು, ಬಾರು ಹೋಗಿ ವೈನ್ ತಯಾರಿಸಿ ಮಾರುವ ವೈನರಿಯ ಹುಲ್ಲುಹಾಸು. "ಒಂದು ಲಾಭ ಇದೆ ಅಜ್ಜಿ, ಈಗ ಕೇಳುವವರ ಮುಖ ಕಾಣುತ್ತದೆ."

ಇಂಥವರು ಅವಳೊಬ್ಬಳೇ ಅಲ್ಲವಂತೆ. ಅಪ್ಪನ ಕಾಲದ ತಾರೆಗಳ ಮಕ್ಕಳೆಲ್ಲ ಒಬ್ಬರಿಗೊಬ್ಬರು ಪರಿಚಯ. ಎಲ್ಲರೂ ಒಂದೊಂದು ಬ್ಯಾಂಡ್ ಕಟ್ಟಿ ಬಿಟ್ಟವರೇ. ಈಗ ಒಬ್ಬ ಮನೆ ಮಾರುವ ದಲ್ಲಾಳಿ, ಒಬ್ಬಳು ಮೇಕೆ ಹಾಲಿನ ಚೀಸ್ ಮಾಡುತ್ತಾಳೆ, ಇನ್ನೊಬ್ಬ ಯೋಗ ಕಲಿಸುತ್ತಾನೆ. ಯಾರದಾದರೂ ಅಪ್ಪನ ಪುಣ್ಯತಿಥಿಯ ಕಾರ್ಯಕ್ರಮವಾದರೆ ಎಲ್ಲರನ್ನೂ ಕರೆದು ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿ ಅಪ್ಪಂದಿರ ಹಾಡು ಹಾಡಿಸುತ್ತಾರೆ. ಪುಣ್ಯತಿಥಿ ಎನ್ನುವುದು ನನ್ನ ಮಾತು. ಅವಳು ಬೇರೇನೋ ಅಂದಳು. "ಮದುವೆಯ ಫೋಟೋದಲ್ಲಿ ಹಿಂದೆ ನಿಂತ ನೆಂಟರ ಹಾಗೆ ಇರುತ್ತೇವೆ ನಾವು" ಎಂದಳು. ಯೋಗ ಕಲಿಸುವವನಿಗೆ ನಾನು ಸೂರ್ಯನಮಸ್ಕಾರದ ಒಂದು ತಪ್ಪು ತಿದ್ದಿ ಹೇಳಿ ಕಳಿಸಿದ್ದೇನೆ. ಉತ್ತರ ಬಂದಿಲ್ಲ.

ನಮ್ಮ ಮನೆಗೆ ಹತ್ತಿರದ ಒಂದು ವೈನರಿಯಲ್ಲಿ ಬೇಸಿಗೆಯ ಶನಿವಾರ ಸಂಜೆಗಳಲ್ಲಿ ಅವಳು ಹಾಡುತ್ತಿದ್ದಳು. ನಾನು ಒಂದೆರಡು ಸಲ ಹೋಗಿದ್ದೆ. ವೈನಿನ ವಾಸನೆ ನನಗೆ ಸ್ಪಿರಿಟ್ಟಿನ ಹತ್ತಿಯನ್ನು ನೆನಪಿಸುತ್ತದೆ, ಆದ್ದರಿಂದ ದೂರದ ಕುರ್ಚಿ ಹಿಡಿಯುತ್ತಿದ್ದೆ. ಅವಳು ತನ್ನ ಒಂದು ಹಾಡು ಮುಗಿಸುವುದೇ ತಡ, ಯಾವುದೋ ಮೇಜಿನಿಂದ ಅವಳ ಅಪ್ಪನ ಹಾಡಿನ ಹೆಸರು ಕೂಗುತ್ತಿದ್ದರು. ಅವಳು ನಕ್ಕು ಆಮೇಲೆ ಎನ್ನುತ್ತಿದ್ದಳು. ಎರಡನೆಯ ಸಲ ಹೋದಾಗ ಹಾಗೆ ಕೂಗಿದವರಲ್ಲಿ ನನ್ನ ಅಳಿಯನೂ ಇದ್ದ. ನಾನು ಹಿಂದಿರುಗಿ ನೋಡಿದ ಮೇಲೆ ಕೂತ.

ಹೋದ ಬೇಸಿಗೆಯ ಕೊನೆಯಲ್ಲಿ ಒಂದು ದಿನ ರೂಬಿಯ ಚಹಾ ಲೋಟದಲ್ಲೇ ಆರಿತು. ಕೇಳಿದೆ. ವೈನರಿಯ ಮಾಲೀಕ ಗ್ರೆಗ್ ಹೇಳಿದ್ದನಂತೆ: ಜನ ಕಡಿಮೆಯಾಗಿದ್ದಾರೆ, ಮುಂದಿನ ತಿಂಗಳಿಂದ ಸಂಜೆಯಿಡೀ ಅಪ್ಪನ ಹಾಡುಗಳನ್ನೇ ಹಾಡುವುದಾದರೆ ಹಾಡು, ಇಲ್ಲವಾದರೆ ಬೇರೆಯವರನ್ನು ನೋಡುತ್ತೇನೆ. ಶನಿವಾರ ಉತ್ತರ ಬೇಕು. ಪೋಸ್ಟರು ಹೇಗಿರಬೇಕೆಂದೂ ಅವನು ಯೋಚಿಸಿಟ್ಟಿದ್ದ. ಅಪ್ಪನ ಮುಖ ದೊಡ್ಡದು, ಕೆಳಗೆ ಸಣ್ಣ ಅಕ್ಷರದಲ್ಲಿ "ಮಗಳಿಂದ".

"ಹೂಂ ಅನ್ನೋಣ ಅಂತಿದ್ದೇನೆ. ನನಗೆ ಸಾಕಾಗಿದೆ ಅಜ್ಜಿ. ಒಮ್ಮೆ ಹೂಂ ಅಂದರೆ ನನ್ನ ಹಾಡುಗಳನ್ನು ಮತ್ತೆ ತೆಗೆಯುವುದಿಲ್ಲ, ಅದು ನನಗೆ ಗೊತ್ತು. ಆದರೆ ಅವನ್ನು ಕೇಳಬೇಕೆಂದು ಬಂದವರು ಯಾರಿದ್ದಾರೆ?"

ರೋಗಿ ಹೀಗೆ ಮಾತಾಡಲು ಶುರುಮಾಡಿದರೆ ದಾದಿಯಾದವಳು ಸಮಾಧಾನ ಹೇಳುತ್ತ ಕೂರಬಾರದು, ಏನಾದರೊಂದು ಕೆಲಸ ಹಚ್ಚಬೇಕು. "ಶನಿವಾರ ನಿನ್ನವೇ ಹಾಡು. ಕೇಳುವವರನ್ನು ನಾನು ಕರೆತರುತ್ತೇನೆ" ಎಂದೆ.

ಕೇಳುವವರು ನನ್ನ ಕೈಯಳತೆಯಲ್ಲೇ ಇದ್ದರು. ಬೇಸಿಗೆಯಲ್ಲಿ ಇಲ್ಲಿಯ ಸಾಫ್ಟ್‌ವೇರ್ ಮಕ್ಕಳ ತಂದೆತಾಯಿಗಳು ಆರು ತಿಂಗಳಿಗೆಂದು ಬರುತ್ತಾರೆ. ಬೆಳಿಗ್ಗೆ ಪಾರ್ಕಿನಲ್ಲಿ ಸೀರೆಯ ಕೆಳಗೆ ಬಿಳಿ ಬೂಟು, ಧೋತರದ ಮೇಲೆ ಜಾಕೀಟು ಕಂಡರೆ ಅವರೇ. ನಾನು ಅವರಿಗೆಲ್ಲ ಸಾಲಾಗಿ ನಡೆಯುವುದನ್ನು ಕಲಿಸಿದ್ದೇನೆ. ಅವರಲ್ಲಿ ಹಿರಿಯರು ಬಾಗಲಕೋಟೆ ಕಡೆಯ ಪಾಟೀಲರು. ಅವರಿಗೆ ನಾನು ಹೇಳಿದ್ದು ಇಷ್ಟೇ: ಸಮಯಕ್ಕೆ ಬರಬೇಕು, ಫೋನು ಬಂದ್ ಮಾಡಬೇಕು, ಹಾಡುವಾಗ ಮಾತಾಡಬಾರದು.

"ಯಾರು ಹಾಡಾವ್ರು?" ಎಂದರು ಪಾಟೀಲರು.

"ನಮ್ಮ ರೂಬಿ."

"ಆತು, ಬರ್ತೀವ್ರಿ ಅಕ್ಕಾರ."

ಅವಳ ಅಪ್ಪನ ಹೆಸರು ಹೇಳಿದ್ದರೂ ಅವರಿಗೆ ಗುರುತು ಹತ್ತುತ್ತಿರಲಿಲ್ಲ. ಅವರ ಪೈಕಿ ಯಾರೂ ಆ ಮನುಷ್ಯನ ಒಂದು ಸಾಲನ್ನೂ ಕೇಳಿದವರಲ್ಲ. ನಾನು ಅವರನ್ನೇ ಆರಿಸಿದ್ದಕ್ಕೆ ಅದೇ ಕಾರಣ.

ಶನಿವಾರ ಎಲ್ಲರೂ ಸಮಯಕ್ಕೆ ಬಂದರು. ನಾನು ಬೇಡವೆಂದು ಹೇಳಲು ಮರೆತದ್ದನ್ನೆಲ್ಲ ಮಾಡಿದರು. ಮಡಚುವ ಕುರ್ಚಿ ಮನೆಯಿಂದ ತಂದರು. ಫ್ಲಾಸ್ಕಿನಲ್ಲಿ ಚಹಾ ತಂದರು. ಪಾಟೀಲರ ಮನೆಯವರು ದೊಡ್ಡ ಸ್ಟೀಲ್ ಡಬ್ಬಿ ತುಂಬ ಮಿರ್ಚಿ ಭಜಿ, ಇನ್ನೊಬ್ಬರು ಒಗ್ಗರಣಿ ಚುರುಮುರಿ ತಂದರು. ಬಡಿಸುವ ಹುಡುಗಿ ಬಂದು ಏನು ಬೇಕೆಂದಾಗ ಎಲ್ಲರೂ ಒಕ್ಕೊರಲಿನಿಂದ ನೀರು ಎಂದರು. ಒಬ್ಬರು ಐಸು ಬೇಡ ಎಂದರು. ಪಾಟೀಲರು ಹಂದರದ ಕಡೆ ಕೈ ತೋರಿಸಿ "ಆ ದ್ರಾಕ್ಷಿ ಹಾಂಗ ತಿನ್ನಾಕ ಕೊಡ್ತಾರೇನು ಕೇಳ್ರಿ" ಎಂದರು. ಶ್ರೀಧರ ಕಾರಿಗೇ ವಾಪಸು ಹೋಗುವ ಯೋಚನೆಯಲ್ಲಿದ್ದ. "ಅತ್ತೆ, ಹೊರಗಿನ ತಿಂಡಿ ಇಲ್ಲಿ ತರೋ ಹಾಗಿಲ್ಲ."

"ಈಗ ತಂದಾಗೇತಿ. ಭಜಿ ಆರತಾವು, ತಿನ್ನು" ಎಂದಳು ಭಾರತಿ.

ರೂಬಿ ಮೊದಲನೆಯ ಹಾಡು ಹಾಡಿದಳು. ನಮ್ಮವರು ವಾರ್ಡಿನ ಹಾಗೆ ಶಾಂತವಾಗಿದ್ದರು. ಎರಡನೆಯದು ಅವಳ ಹಳೆಯ ಹಾಡು. ಒಬ್ಬ ಪುಟ್ಟ ಹುಡುಗಿ ಸಭಾಂಗಣದ ಹಿಂದೆ ನಿಂತ ಬಸ್ಸಿನಲ್ಲಿ ಕೂತಿದ್ದಾಳೆ. ಒಳಗೆ ಅಪ್ಪ ಹಾಡುತ್ತಿದ್ದಾನೆ. ಗೋಡೆ ದಾಟಿ ಅವಳಿಗೆ ಬರುವುದು ಡ್ರಮ್ಮಿನ ಸದ್ದು ಮಾತ್ರ, ಮಾತು ಕೇಳುವುದಿಲ್ಲ. ಅವನು ಬರಲೆಂದು ಕಿಟಕಿಗೆ ಹಣೆ ಹಚ್ಚಿ ಕಾಯುತ್ತಾಳೆ. ಹಾಡು ಅಷ್ಟೇ. ಮುಗಿಯಿತು. ನಾಲ್ಕು ಚಪ್ಪಾಳೆ ಬಿದ್ದವು. ಬಲಗಡೆಯ ಮೇಜಿನಿಂದ ಒಬ್ಬ ದೊಡ್ಡ ಟೋಪಿಯವನು ಎಂದಿನಂತೆ ಅವಳ ಅಪ್ಪನ ಹಾಡಿನ ಹೆಸರು ಕೂಗಿದ.

ಅದೇ ಹೊತ್ತಿಗೆ ಪಾಟೀಲರು ತೊಡೆ ತಟ್ಟಿ "ವನ್ಸ್ ಮೋರ್!" ಎಂದರು.

ರೂಬಿ ಇನ್ನೊಂದು ಹಾಡು ಕೇಳುತ್ತಿದ್ದಾರೆಂದುಕೊಂಡು ಬೇರೆಯದನ್ನು ಮೀಟತೊಡಗಿದಳು.

"ಅಲ್ಲವಾ, ಅದಲ್ಲ! ಈಗ ಹಾಡಿದ್ದು! ವನ್ಸ್ ಮೋರ್!" ಪಾಟೀಲರು ಎದ್ದು ನಿಂತರು. ಉಳಿದವರೂ ದನಿಗೂಡಿಸಿದರು. ಅಷ್ಟೊತ್ತು ಸುಮ್ಮನೆ ಕೂತವರಿಗೆ ಎಲ್ಲಿತ್ತೋ ಆ ಗಂಟಲು. ಟೋಪಿಯವನು ಮತ್ತೆ ಅಪ್ಪನ ಹಾಡಿನ ಹೆಸರು ಹೇಳಿದ. ಪಾಟೀಲರು ಅವನ ಕಡೆ ತಿರುಗಿ, "ತಡೀರಿ ಸರ, ನಿಮ್ಮದು ಆಮ್ಯಾಲೆ" ಎಂದು ಕೈ ತೋರಿಸಿ ಕೂರಿಸಿದರು. ಕನ್ನಡ ಅರ್ಥವಾಗದಿದ್ದರೂ ಅವನು ಕೂತ. ಶ್ರೀಧರ ನನ್ನ ಸೆರಗಿನ ಹತ್ತಿರ ಬಗ್ಗಿ, "ಅತ್ತೆ, ಇಲ್ಲಿ ಹಾಗೆಲ್ಲ ಮಾಡಲ್ಲ" ಎಂದ.

"ನಮ್ಮಲ್ಲಿ ಮಾಡ್ತಾರಪ್ಪ" ಎಂದೆ.

ರೂಬಿ ನನ್ನನ್ನು ನೋಡಿದಳು. ಎದ್ದು ಹೇಳಿದೆ: "ಅವರಿಗೆ ಅದೇ ಹಾಡು ಬೇಕಂತೆ."

"ಈಗಷ್ಟೇ ಹಾಡಿದೆನಲ್ಲ?"

"ಅದಕ್ಕೇ."

ಅವಳು ಗಿಟಾರಿನ ಒಂದು ತಂತಿ ಬಿಗಿದು ಶ್ರುತಿ ನೋಡಿದಳು. ಆಮೇಲೆ ಅದನ್ನೇ ಮೊದಲಿನಿಂದ ಹಾಡಿದಳು. ಈ ಸಲ ಕೊಂಚ ನಿಧಾನ. ನಮ್ಮವರು ತೊಡೆಯ ಮೇಲೆ ತಾಳ ಹಾಕಿದರು, ಒಬ್ಬೊಬ್ಬರದು ಒಂದೊಂದು ತಾಳ. ತಡೆಯಲಾರದೆ ನಾನು ಕೈಯೆತ್ತಿ ಲಯ ತೋರಿಸಿದೆ, ಸರಿಹೋದರು. ಮುಗಿದದ್ದೇ ಮತ್ತೆ ಕೂಗು. ಮೂರನೆಯ ಸಲ ಹಾಡುವಾಗ ಅವಳು ಕಣ್ಣು ಮುಚ್ಚಿದ್ದಳು. ಬಡಿಸುವ ಹುಡುಗಿ ಖಾಲಿ ತಟ್ಟೆ ಹಿಡಿದು ಅಲ್ಲೇ ನಿಂತುಬಿಟ್ಟಿದ್ದಳು. ಟೋಪಿಯವನ ಕೈಯಲ್ಲಿ ಯಾರೋ ಒಂದು ಮಿರ್ಚಿ ಭಜಿ ಇಟ್ಟಿದ್ದರು.

ಕಾರ್ಯಕ್ರಮ ಮುಗಿದ ಮೇಲೆ ಗ್ರೆಗ್ ಬಂದ. ಕೆಟ್ಟ ಮನುಷ್ಯನೇನಲ್ಲ, ನನ್ನ ಕೈ ಕುಲುಕಿದ. "ಇಷ್ಟು ಒಳ್ಳೆಯ ಜನರನ್ನು ನಾನು ಕಂಡಿಲ್ಲ. ಆದರೆ ರೂಬಿ, ಒಂದು ಬಾಟಲಿಯೂ ಹೋಗಲಿಲ್ಲ" ಎಂದ. ಆ ಮಾತಿಗೆ ನಾನು ತಲೆ ತಗ್ಗಿಸಬೇಕಾಯಿತು. ಅವನ ಹುಲ್ಲುಹಾಸಿನ ಮೇಲೆ ಅಲ್ಲಲ್ಲಿ ಚುರುಮುರಿ ಬಿದ್ದಿತ್ತು. "ಹಾಗಾದರೆ ಮುಂದಿನ ತಿಂಗಳು? ಹೂಂ ಅಂದರೆ ನಾಳೆಯೇ ಪೋಸ್ಟರು ಮಾಡಿಸುತ್ತೇನೆ."

"ಅಪ್ಪನ ಹಾಡಿಗೆ ಬೇರೆ ಯಾರನ್ನಾದರೂ ನೋಡು ಗ್ರೆಗ್" ಎಂದಳು ರೂಬಿ. "ಅವನ್ನು ಹಾಡುವವರು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗಿಂತ ಚೆನ್ನಾಗಿ ಹಾಡುತ್ತಾರೆ." ಕೋಪವಿರಲಿಲ್ಲ ಆ ದನಿಯಲ್ಲಿ. ವೈರು ಸುತ್ತಿ, ಪೆಟ್ಟಿಗೆ ಮುಚ್ಚಿ ಹೊರಟಳು. ಗ್ರೆಗ್ ತಾನೇ ಬಗ್ಗಿ ಚುರುಮುರಿ ಆರಿಸತೊಡಗಿದ. ನಾನೂ ಬಗ್ಗಿದೆ.

ಕಾರು ನಿಲ್ಲಿಸುವ ಜಾಗಕ್ಕೆ ಬಂದಾಗ ರೂಬಿ ತನ್ನ ಹಳೆಯ ಗಾಡಿಯಲ್ಲಿ ಗಿಟಾರ್ ಇಟ್ಟು ನನಗಾಗಿ ಕಾಯುತ್ತಿದ್ದಳು. ಇನ್ನೂ ಬಿಸಿಲಿತ್ತು.

"ನಿಜ ಹೇಳು ಅಜ್ಜಿ. ಅವರು ಪಾಪ ಅಂತ ಕೂಗಿದರೋ?"

"ಬರಲು ನಾನು ಹೇಳಿದ್ದೆ. ಕೂಗಲು ಹೇಳಿರಲಿಲ್ಲ" ಎಂದೆ. "ನಮ್ಮ ಕಡೆ ಅದನ್ನು ಯಾರೂ ಪಾಪ ಎಂದು ಕೂಗುವುದಿಲ್ಲ. ನನ್ನ ಅಣ್ಣ ವರ್ಷಗಟ್ಟಲೆ ಬಾರಿಸಿದ. ಅವನ ಸ್ವಂತದ್ದಕ್ಕೆ ಒಬ್ಬರೂ ಕೂಗಲಿಲ್ಲ."

ಅವಳು ಬಾಗಿಲು ತೆರೆದು ಕೂತು, ಕಿಟಕಿಯ ಗಾಜು ಇಳಿಸಿದಳು.

"ಒಂದೇ ಹಾಡನ್ನು ಬೆನ್ನುಬೆನ್ನಿಗೆ ಮೂರು ಸಲ ನಾನು ಯಾವತ್ತೂ ಹಾಡಿಲ್ಲ. ಮೂರನೆಯ ಸಲ ಕೊನೆಯ ಸಾಲು ಬದಲಾಯಿತು. ನಾನು ಬದಲಾಯಿಸಲಿಲ್ಲ, ತಾನೇ ಆಯಿತು. ಗಮನಿಸಿದೆಯಾ?"

ಗಮನಿಸಿದ್ದೆ. "ಹುಡುಗಿ ಬಸ್ಸಿನಿಂದ ಇಳಿದಳು."

"ಹೌದು. ಇಳಿದುಬಿಟ್ಟಳು."

"ಇಳಿದು ಎಲ್ಲಿಗೆ ಹೋದಳು?"

"ಅದು ಇನ್ನೂ ಗೊತ್ತಿಲ್ಲ" ಎಂದು ಗಾಡಿ ಶುರುಮಾಡಿದಳು. ಮುಂದಿನ ಸಾಲು ಹುಡುಕುತ್ತ ಆಗಲೇ ಅವಳ ತುಟಿ ಅಲುಗುತ್ತಿತ್ತು. ಗೇಟಿನ ಹತ್ತಿರ ಎಡಕ್ಕೆ ತಿರುಗುವ ದೀಪ ಹಾಕಿ ರಸ್ತೆಗೆ ಇಳಿದಳು, ಅದನ್ನು ಆರಿಸುವುದನ್ನು ಮರೆತಳು. ಡುವಾಲ್ ರಸ್ತೆಯಲ್ಲಿ ಗಾಡಿ ನೇರವಾಗಿ ಹೋಗುತ್ತಿತ್ತು, ಎಡಗಡೆಯ ದೀಪ ಮಿನುಗುತ್ತಲೇ ಇತ್ತು, ತಿರುವಿನಲ್ಲಿ ಮರೆಯಾಗುವ ತನಕ.